ಅವ್ವನ ಕಾಲಂ

ಹೋದ ವಾರ ಗಂಗಾವತಿಯ ನಮ್ಮ ಮನೆಗೆ ಬಣ್ಣ ಹಚ್ಚಿಸಿದೆವು. ಪೇಂಟರ್ ಹುಸೇನಪ್ಪ ಕೈಯಲ್ಲಿ ಬ್ರಶ್ ಹಿಡಿದು ತಲೆಬಾಗಿಲ ಮುಂದೆ ನಿಂತು, "ಈ ನಂಬರ್ ಮ್ಯಾಲೆ ಹೊಡೀಲೇನ್ರಿ, ಬಿಡ್ಲೇನ್ರಿ?" ಎಂದು ಕೇಳಿದ. ಹಿಂದಿನ ಜನಗಣತಿಯವರು ಬರೆದು ಹೋದ ಮನೆ ಸಂಖ್ಯೆ ಅದು, ಅರ್ಧ ಅಳಿಸಿಹೋಗಿತ್ತು. ಇಷ್ಟು ವರ್ಷ ಅದರ ಕೆಳಗೇ ಚಪ್ಪಲಿ ಬಿಟ್ಟಿದ್ದೇನೆ. ಆದರೂ ಅವತ್ತು ಬಣ್ಣದ ವಾಸನೆಗೆ ತಲೆ ಸುತ್ತುತ್ತದೆಂದು ನೆಪ ಹೇಳಿ ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋದೆ.

ನನ್ನ ಚಟವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಮಂದಿಯ ಮಾತು ಅಣಕಿಸುವವನು. ಕೊಪ್ಪಳ ಬಸ್ಸಿನ ಕಂಡಕ್ಟರು, ಯಲಬುರ್ಗಾದ ದೊಡ್ಡಪ್ಪ, ಆನೆಗೊಂದಿಯಲ್ಲಿ ಬಂಡೆ ತೋರಿಸುತ್ತ ಇಂಗ್ಲಿಷ್ ಬಿಡುವ ಆಟೋದವರು, ಯಾರನ್ನೂ ಬಿಟ್ಟಿಲ್ಲ. ಒಮ್ಮೆ ಕನ್ನಡಿ ಮುಂದೆ ನನ್ನನ್ನೇ ಅಣಕಿಸಲು ಹೋದೆ. ದೊಡ್ಡಪ್ಪನ ಕೆಮ್ಮು ಬಂತು.

ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು ಅವ್ವನ ದನಿಗೆ. ಅವ್ವ ಶ್ರೀರಾಮನಗರದ ತೆಲುಗು ಮನೆಯವಳು. ಅಕ್ಕಿ ಗಿರಣಿಯ ಗುಮಾಸ್ತನಾಗಿದ್ದ ಅಪ್ಪನನ್ನು ಮೆಚ್ಚಿ ಮದುವೆಯಾಗಿ ಈ ಮನೆಗೆ ಬಂದವಳು. ಅವಳ ಕನ್ನಡ ಪ್ರತಿ ಮಾತಿನ ತುದಿಗೆ ತುಸು ಜೋಕಾಲಿ ಆಡುತ್ತಿತ್ತು. ಆ ಜೋಕಾಲಿಯನ್ನು ನಾನು ಇನ್ನೂ ಎತ್ತರಕ್ಕೆ ಜೀಕಿ ನೆಂಟರನ್ನು ನಗಿಸುತ್ತಿದ್ದೆ. ಅವ್ವನೂ ನಗುತ್ತಿದ್ದಳು. ಹಾಗೆಂದು ನಾನು ತಿಳಿದಿದ್ದೆ.

ಆ ಗಣತಿಗೆ ಬಂದವರು ನಮ್ಮ ಶಾಲೆಯ ಶಂಕ್ರಮ್ಮ ಟೀಚರ್. ನಾನಾಗ ಒಂಬತ್ತನೇ ತರಗತಿ. ಅಪ್ಪ ಗಿರಣಿಗೆ ಹೋಗಿದ್ದ, ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು, ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಕಡೆ ಒಂದು ರೂಢಿ ಇದೆ: ಗಂಡಸೊಬ್ಬ ಮನೆಯಲ್ಲಿದ್ದರೆ, ಅವನಿಗೆ ಮೀಸೆ ಬರದಿದ್ದರೂ, ಸರ್ಕಾರದವರು ಅವನನ್ನೇ ಕೇಳುತ್ತಾರೆ. ನಾನು ಅಪ್ಪನ ಕುರ್ಚಿಯಲ್ಲಿ, ಅಪ್ಪನ ದನಿಯಲ್ಲಿ, ಇಡೀ ಮನೆಯ ಯಜಮಾನನಾಗಿ ಕೂತೆ. ಧರ್ಮ ಕೇಳಿದರು, ಹೇಳಿದೆ. ಜಾತಿ ಕೇಳಿದರು, ಅಜ್ಜಿಯೇ ಮುಂದಾಗಿ ಗಟ್ಟಿಯಾಗಿ ಹೇಳಿದಳು. ಮಾತೃಭಾಷೆಯ ಕಾಲಂ ಬಂತು. "ಕನ್ನಡ ಬರೀರಿ, ಎಲ್ಲಾರ್ದೂ ಅದ" ಎಂದೆ. ಟೀಚರಿಗೂ ಇನ್ನೂ ಹತ್ತು ಮನೆ ಬಾಕಿ ಇದ್ದವು. ಮೇಲಿಂದ ಕೆಳಗಿನವರೆಗೆ ನಾಲ್ಕೂ ಹೆಸರಿಗೆ ಒಂದನ್ನೇ ಬರೆದು ಎದ್ದರು.

ರೊಟ್ಟಿಯ ಸಪ್ಪಳ ನಿಂತಿತ್ತು. ಒಳಗೆ ಹೋದರೆ ಅವ್ವ ಹಂಚಿನ ಕಡೆ ನೋಡುತ್ತಲೇ ಹೇಳಿದಳು: "ನನ್ನ ಮಾತು ಅಣಕಸಾಕ ಬರ್ತೈತಿ. ಬರಸಾಕ ಬರಲಿಲ್ಲೇನು?"

ಓಡಿದೆ. ಟೀಚರ್ ಮುಂದಿನ ಓಣಿಯ ಕಟ್ಟೆಯ ಮೇಲೆ ಇನ್ನೊಂದು ಮನೆಯವರನ್ನು ಎಣಿಸುತ್ತ ಕೂತಿದ್ದರು. ಅವ್ವಂದು ತೆಲುಗು, ತಿದ್ದಿರಿ ಎಂದೆ. ತಿದ್ದಿದರೆ ಮೇಲಿನವರು ಬೈಯುತ್ತಾರೆಂದು ಗೊಣಗಿದರು. ಆಮೇಲೆ ಮನಸ್ಸು ಕರಗಿ, ತಮಗೆ ಕೊಟ್ಟಿದ್ದ ಪುಸ್ತಕ ತೆರೆದು ನೋಡಿ, ನನ್ನನ್ನೇ ಹಿಡಿದರು. "ಸಣ್ಣಾಂವ ಇದ್ದಾಗ ತಾಯಿ ಯಾವ ಭಾಷಾದಾಗ ಮಾತಾಡ್ಸಿರ್ತಾಳ, ಅದ ಮಾತೃಭಾಷೆ ಅಂತ ಐತಿ ಇದರಾಗ. ಅಂದ್ರ ನಿಂದೂ ತಪ್ಪಾತೇನಪಾ? ಕೇಳ್ಕೊಂಡು ಬಾ, ಇಬ್ಬರ್ದೂ ಕೂಡೇ ತಿದ್ತೀನಿ."

ಊರಿನವರ ಮಾತನ್ನೆಲ್ಲ ಬಾಯಲ್ಲಿಟ್ಟುಕೊಂಡು ತಿರುಗುವವನಿಗೆ ತನ್ನದು ಯಾವುದೆಂದು ಗೊತ್ತಿರಲಿಲ್ಲ. ಮನೆಗೆ ಬಂದು ಏದುಸಿರಿನಲ್ಲೇ ಕೇಳಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಅವ್ವ ಒಮ್ಮೆ ಅತ್ತೆಯ ಮುಖ ನೋಡಿದಳು, ಒಮ್ಮೆ ನನ್ನ ಮುಖ. "ಬರೆದಾತಲ್ಲ, ಬಿಡು" ಎಂದಳು. ನಾನು ವಾಪಸ್ಸು ಹೋಗಲಿಲ್ಲ. ಟೀಚರ್ ಎಷ್ಟು ಹೊತ್ತು ಕಾದರೋ ತಿಳಿಯದು. ಅವ್ವನ ದನಿ ತೆಗೆಯುವುದನ್ನು ಮಾತ್ರ ಅವತ್ತೇ ಬಿಟ್ಟೆ. ನೆಂಟರು ಕೇಳಿದರೆ ದೊಡ್ಡಪ್ಪನ ಕೆಮ್ಮನ್ನೇ ಎರಡು ಸಲ ಮಾಡಿ ತೋರಿಸುತ್ತಿದ್ದೆ.

ಈಗ ಅಜ್ಜಿ ಇಲ್ಲ. ಮತ್ತೆ ಗಣತಿ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದಾರೆ. ಹುಸೇನಪ್ಪ ಇನ್ನೂ ಬ್ರಶ್ ಹಿಡಿದು ನಿಂತೇ ಇದ್ದ. ನಂಬರಿನ ಮೇಲೆ ಬಣ್ಣ ಹೊಡೆಯಲು ಅವನಿಗೆ ಹೇಳಿ, ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದ ಅವ್ವನ ಹತ್ತಿರ ಹೋಗಿ ಅದೇ ಪ್ರಶ್ನೆ ಕೇಳಿದೆ. ಅವಳಿಗೆ ನೆನಪು ಮಾಡಿಕೊಡುವ ಅಗತ್ಯ ಬೀಳಲಿಲ್ಲ.

"ನಿಮ್ಮಜ್ಜಿ ಗುಡಿಗೆ ಹೋದಾಗ ತೆಲುಗು. ಆಕಿ ಚಪ್ಪಲಿ ಸಪ್ಪಳ ಕೇಳಿದ ಕೂಡ್ಲೆ ಕನ್ನಡ. ಹಸಿವಾದ್ರ ಮಾತ್ರ ನೀ ತೆಲುಗಿನಾಗ ಅಳ್ತಿದ್ದಿ."

ಈ ಸಲ ಗಣತಿಯವರು ಬಂದರೆ ಅಪ್ಪನ ಕುರ್ಚಿಯಲ್ಲಿ ನೀನೇ ಕೂಡು ಎಂದೆ. ಅವಳು ಸೀರೆಯ ಒಂದು ತುದಿ ಕೊಟ್ಟು ಹಿಂಡು ಎಂದಳು. ಹಿಂಡುತ್ತ ಹಿಂಡುತ್ತ, ಎಷ್ಟೋ ವರ್ಷದ ಮೇಲೆ, "ಅಮ್ಮಾ, ಆಕಲೇಸ್ತೋಂದಿ" ಎಂದೆ. ಹಸಿವಾಗಿದೆ ಎಂಬ ಆ ಒಂದೇ ಮಾತು ನನಗೆ ತೆಲುಗಿನಲ್ಲಿ ಗೊತ್ತಿದ್ದದ್ದು. ಆದರೆ ನಾಲಿಗೆಯ ಚಟ ನೋಡಿ, ಬಂದದ್ದು ಅವಳದೇ ಜೋಕಾಲಿ.

ಅವ್ವ ಸೀರೆ ಬಿಗಿ ಹಿಡಿದಳು. "ನನ್ನ ದನಿ ಬ್ಯಾಡ. ನಿನ್ನ ದನ್ಯಾಗ ಹೇಳು."

ಹುಡುಕಿದೆ. ಮೊದಲು ಕಂಡಕ್ಟರ್ ಬಂದ, ಆಮೇಲೆ ದೊಡ್ಡಪ್ಪ. ಇಬ್ಬರನ್ನೂ ಕಳಿಸಿದ ಮೇಲೆ ಹೊರಟದ್ದು ಮಾತು ಕಲಿಯುವ ಮಗುವಿನ ತೊದಲು. ಅವ್ವ ಈ ಸಲ ನಗಲಿಲ್ಲ. ಇನ್ನೊಂದು ಸಲ ಹೇಳಿಸಿದಳು.