ಲೆಕ್ಕ ತುಂಬಲು ಬಂದವರು

ನೇಸರಿ ಊರಿನ ಕಾಂಚನಳಿಗೆ ಅಮೆರಿಕದ ಸಣ್ಣಕಥೆಗಳೆಂದರೆ ಪ್ರಾಣ. ಗಡಹಿಂಗ್ಲಜದ ಕಾಲೇಜೊಂದರಲ್ಲಿ ಅವನ್ನು ಕಲಿಸುತ್ತಲೇ ಅವಳ ಕೂದಲು ಬೆಳ್ಳಗಾಗತೊಡಗಿತ್ತು. ಆದರೂ ನೌಕರಿ ಇನ್ನೂ ತಾಸಿಕೆಯದೇ. ಪಾಠ ಮಾಡಿದ ತಾಸಿಗಷ್ಟೇ ಪಗಾರ, ಸೂಟಿ ಬಿದ್ದರೆ ಅದೂ ಇಲ್ಲ. ಕಾಯಂ ಆಗುವುದೊಂದೇ ಅವಳ ಹಂಬಲ. ವಯಸ್ಸು ಅದಕ್ಕಾಗಿ ಕಾಯುತ್ತಿರಲಿಲ್ಲ.

ಈ ಗಡಿಸೀಮೆಯ ನೌಕರಿ ಸಂದರ್ಶನಗಳ ಒಳಗುಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಜಾಗ ಯಾರಿಗೆಂಬುದನ್ನು ಸಂಸ್ಥೆಯವರು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ಆದರೆ ಕಾಗದದ ಮೇಲೆ ಮೂವರು ಉಮೇದುವಾರರಾದರೂ ಕಾಣಬೇಕಲ್ಲ? ಅದಕ್ಕೆ ಪರಿಚಯದ ಇಬ್ಬರನ್ನು ಕರೆದು ಕೂರಿಸುತ್ತಾರೆ. ಅವರು ಬಂದು, ಬೇಕೆಂದೇ ಒಂದಿಷ್ಟು ತಡವರಿಸಿ ಹೋಗುತ್ತಾರೆ. ಕಾಂಚನ ಹೀಗೆ ಕೊಲ್ಹಾಪುರದಲ್ಲೂ ಇಚಲಕರಂಜಿಯಲ್ಲೂ ಯಾರ್ಯಾರದೋ ಲೆಕ್ಕ ತುಂಬಿ ಬಂದಿದ್ದಳು. ಇದು ನಾಚಿಕೆಗೇಡಿನ ಆಟವೆಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ. ತನ್ನ ಸರದಿಯೂ ಬರುತ್ತದೆಂಬ ನಂಬಿಕೆ ಇತ್ತಲ್ಲ!

ಕಡೆಗೂ ಅವಳ ಕಾಲೇಜಿನಲ್ಲೇ ಒಂದು ಕಾಯಂ ಜಾಗಕ್ಕೆ ಅರ್ಜಿ ಕರೆದರು. ಸಂಸ್ಥೆಯ ಅಧ್ಯಕ್ಷ ದಾದಾಸಾಹೇಬರು ಮನೆಗೇ ಕರೆಸಿದರು.

“ಬಾಯಾರ, ನೀವು ಅರ್ಜಿ ಹಾಕಾಕಬೇಕ್ರಿ. ನಮ್ಮ ಸೊಸಿ ರುತುಜಾನೂ ಹಾಕ್ಯಾಳ. ಅಕಿಗೆ ಒಂದೀಟ ಪಾಠ ಹೇಳಿಕೊಡ್ರಿ, ನಾಲ್ಕ ಮಂದಿ ಮುಂದ ಬಾಯಿ ಬಿಡೂವಂಗಾದ್ರ ಸಾಕು.”

ಸೊಸೆಯನ್ನೇ ತನ್ನ ಲೆಕ್ಕ ತುಂಬಲು ಕೊಡುತ್ತಿದ್ದಾರೆಂದು ಕಾಂಚನ ಉಬ್ಬಿಹೋದಳು. ಇನ್ನೊಬ್ಬರು ಬೇಕಲ್ಲ ಎಂದು ಇಚಲಕರಂಜಿಯ ಅಭಯನಿಗೆ ತಾನೇ ಫೋನ್ ಮಾಡಿದಳು. ಪಾಪ, ಅವನೂ ತಾಸಿಕೆಯವನೇ.

ಸಂದರ್ಶನದಲ್ಲಿ ಎರಡು ಅಮೆರಿಕನ್ ಕಥೆಗಳ ಪಾತ್ರಗಳನ್ನೂ ಶೈಲಿಯನ್ನೂ ಹೋಲಿಸಿ ಪಾಠ ಮಾಡಬೇಕಿತ್ತು. ಕಾಂಚನ ರುತುಜಾಳಿಗೆ ಅದನ್ನೇ ಹೇಳಿಕೊಟ್ಟಳು. ಒಬ್ಬ ಲೇಖಕ ಚಿಕ್ಕ ಚಿಕ್ಕ ವಾಕ್ಯ ಬರೆದು ಮುಖ್ಯ ಮಾತನ್ನೇ ನುಂಗಿಕೊಳ್ಳುತ್ತಾನೆ. ಅವನ ಪಾತ್ರಗಳೂ ನೋವಾದಾಗ ಊಟದ ಮಾತೆತ್ತುತ್ತವೆ. ಇನ್ನೊಬ್ಬನ ವಾಕ್ಯ ಪುಟ ದಾಟಿದರೂ ಮುಗಿಯದು. ಅವನ ಪಾತ್ರಗಳು ಸತ್ತ ಅಜ್ಜನನ್ನೂ ಜಗಳಕ್ಕೆ ಎಳೆಯುತ್ತವೆ. ರುತುಜಾ ಆಕಳಿಸಿದಳು.

“ನಮ್ಮವ್ವ ಚೆನ್ನವ್ವನ್ನ ತಗೋರಿ,” ಎಂದಳು ಕಾಂಚನ. “ಸಿಟ್ಟು ಬಂದ್ರ ಮಾತ ಆಡಂಗಿಲ್ಲ, ಹಾಲಿನ ಕ್ಯಾನ ಕುಕ್ಕಿ ಇಡತಾಳ. ನಮ್ಮ ಅತ್ತಿ ಹಂಗಲ್ಲ, ಮುತ್ಯಾನ ಲಗ್ನದಿಂದ ಚಾಲೂ ಮಾಡತಾಳ. ಇಬ್ರದೂ ಸಿಟ್ಟ, ಹೇಳೂದು ಬ್ಯಾರೆ.”

“ಭಾಳ ಛಂದ ಹೇಳಿದ್ರಿ ಮೇಡಮ್!” ರುತುಜಾ ಮನಸಾರೆ ನಕ್ಕಳು.

ಸಂದರ್ಶನದ ದಿನ ಮೊದಲು ಒಳಗೆ ಹೋದವಳು ರುತುಜಾ. ಹೊರಗಿನ ಬಾಕಿನ ಮೇಲೆ ಕೂತ ಕಾಂಚನಳಿಗೆ ಎಲ್ಲವೂ ಕೇಳಿಸುತ್ತಿತ್ತು. ಹುಡುಗಿ ಎಲ್ಲೂ ತಡವರಿಸಲಿಲ್ಲ. ನುಂಗಿಕೊಂಡ ಮಾತು, ಮುಗಿಯದ ವಾಕ್ಯ, ಸತ್ತ ಅಜ್ಜ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಪಟಪಟನೆ ಒಪ್ಪಿಸಿದಳು. ಆಮೇಲೆ, ನನ್ನ ತಾಯಿ ಸಿಟ್ಟು ಬಂದರೆ ಮಾತಾಡದೆ ಹಾಲಿನ ಕ್ಯಾನು ಕುಕ್ಕಿ ಇಡುತ್ತಾಳೆ ಎಂದಳು. ಒಳಗೆ ಎಲ್ಲರೂ ನಕ್ಕರು. ಕಾಂಚನಳ ಮೈಯೆಲ್ಲ ಉರಿದುಹೋಯಿತು. ಪಾಠವನ್ನು ತಾನೇ ಕೊಟ್ಟಿದ್ದಳು, ಸರಿ. ಹೆತ್ತವ್ವನನ್ನೂ ಕೊಟ್ಟಿದ್ದಳೇ?

ಅವಳ ಸರದಿ ಬಂದಾಗ ಬೇರೆ ಏನೂ ಹೊಳೆಯಲಿಲ್ಲ. ತನ್ನ ಪಾಠವನ್ನೇ ಶುರುಮಾಡಿದಳು. ಕೊಲ್ಹಾಪುರದಿಂದ ಬಂದಿದ್ದ ತಜ್ಞರು ಕೈಯೆತ್ತಿ ತಡೆದರು. ಇದನ್ನು ಈಗಷ್ಟೇ ಕೇಳಿದೆವು, ಇಷ್ಟು ವರ್ಷ ಕಲಿಸಿದವರು ಬಾಗಿಲಲ್ಲಿ ಕೂತು ಹುಡುಗಿಯ ಮಾತು ಕದಿಯುವುದೇ ಎಂದು ಮರಾಠಿಯಲ್ಲಿ ಕೇಳಿದರು. ಕಾಂಚನ ದಾದಾಸಾಹೇಬರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಆಗ ಅವಳಿಗೆ ಎಲ್ಲ ಅರ್ಥವಾಯಿತು.

ಹೊರಗೆ ಅಭಯ ಕಾಯುತ್ತಿದ್ದ. ಅವಳ ಮುಖ ನೋಡಿಯೇ ತಿಳಿದುಕೊಂಡ.

“ಅಕ್ಕಾರ, ನಾ ನಿಮ್ಮ ಸಲುವಾಗಿ ಬಂದಿದ್ದೆ. ನಾವಿಬ್ರೂ ಅಕಿ ಸಲುವಾಗಿ ಬಂದಂಗಾತಲ್ರಿ!”

ಎಲ್ಲ ಮುಗಿದ ಮೇಲೆ ದಾದಾಸಾಹೇಬರು ತಾವೇ ಹೊರಗೆ ಬಂದರು. ಮುಖದಲ್ಲಿ ಒಂದಿಷ್ಟೂ ಸಂಕೋಚವಿರಲಿಲ್ಲ.

“ನೀವಿಬ್ರೂ ಬಂದ್ರಿ, ಕೆಲಸ ಆತು. ಬಾಯಾರ, ಜೂನದಾಗ ತಾಸಿಕೆ ನಿಮಗ ಇಟ್ಟೇನಿ. ರುತುಜಾಗ ಇನ್ನೂ ಅನುಭವ ಇಲ್ಲ. ದಿನಾ ಒಂದೀಟ ಮುಂಚೆ ಬಂದು ಅಕಿ ಪಾಠ ತಯಾರ ಮಾಡಿಕೊಡ್ರಿ.”

ಅವರ ಮುಖಕ್ಕೆ ಉಗಿಯಬೇಕೆನಿಸಿತು. ಇಡೀ ಊರಿಗೆ ಕೇಳುವಂತೆ ಕೂಗಬೇಕೆನಿಸಿತು. ಜೂನದ ತಾಸಿಕೆಯೂ ಹೋದರೆ ಮುಂದೇನು ಎಂಬ ಹೆದರಿಕೆ ಎರಡನ್ನೂ ತಡೆಯಿತು.

“ಆತ್ರಿ, ಬರತೇನಿ,” ಎಂದಳು ಕಾಂಚನ.