ಎರಡನೇ ಮಾಣಿಯ ಕಿಸೆ

ಕನ್ನಡ ಕೂಟದವರು ಈ ಸಲದ ನಾಟಕದಲ್ಲೂ ನನಗೆ ದ್ವಾರಪಾಲಕನ ಪಾತ್ರವನ್ನೇ ಕೊಟ್ಟಿದ್ದಾರೆ. ಇರುವುದು ಒಂದೇ ಮಾತು, ಮಹಾರಾಜರು ಬರುತ್ತಿದ್ದಾರೆ ಅಂತ. ಆಸ್ಪತ್ರೆಯಲ್ಲಿ ಹೆಸರು ಮಾಡಿದ (ಹಾಗೆಂದು ನಾನೇ ಅಂದುಕೊಂಡಿರುವ) ಡಾಕ್ಟರಿಗೆ ಇದೆಂಥ ಮರ್ಯಾದೆ ಎಂದು ಮುನಿಸಿಕೊಂಡು, ವಾಪಸು ಕೊಡಲು ಬೆಳಿಗ್ಗೆ, ಮೊದಲಿನಿಂದಲೂ ನನ್ನ ಬಳಿಯೇ ಉಳಿದಿದ್ದ ವೇಷದ ಅಂಗಿ ಮಡಚುತ್ತಿದ್ದೆ. ಕಿಸೆಯಲ್ಲಿ ಒಂದು ಚೀಟಿ ಸಿಕ್ಕಿತು. ‘ಕೊತ್ತಂಬರಿ, ಬೆಲ್ಲ, ಮಗಳಿಗೆ ಬಳೆ.’ ಅಕ್ಷರ ನನ್ನದೇ. ಆದರೆ ನೋಡಿ, ನನಗೆ ಮಗಳೇ ಇಲ್ಲ.

ಈ ಚೀಟಿಯ ಚಟ ಹಚ್ಚಿದವರು ಸ್ಟೆಲಿಯೊಸ್. ಇಲ್ಲಿ ಲಂಡನ್ನಿನ ಕೆಂಟನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗ್ರೀಕ್ ನಟ. ಇಪ್ಪತ್ತನೆಯ ವಯಸ್ಸಿಗೇ ಅಥೆನ್ಸಿನ ರಂಗದ ಮೇಲೆ ಮುದುಕನಾಗಿ, ಆಮೇಲೆ ಲಂಡನ್ನಿಗೆ ಬಂದು ಸಿನಿಮಾಗಳಲ್ಲಿ ಮಾಣಿ, ಕ್ಷೌರಿಕ, ಪಾದ್ರಿ, ಕಳ್ಳಸಾಗಣೆದಾರ ಎಲ್ಲ ಆದವರು. ಸಿನಿಮಾದ ಕೊನೆಗೆ ಬರುವ ಪಟ್ಟಿಯಲ್ಲಿ ಅವರ ಹೆಸರಿನೆದುರು ‘ಎರಡನೇ ಮಾಣಿ’ ಎಂದಿರುತ್ತಿತ್ತು. ಟೀವಿಯಲ್ಲಿ ಅವರು ಬಂದರೆಂದು ನನ್ನ ಹೆಂಡತಿ ಒಲೆ ಆರಿಸಿ ಓಡಿ ಬರುವುದರೊಳಗೆ, ಪಾಪ, ಅವರು ಸತ್ತೇಹೋಗಿರುತ್ತಿದ್ದರು.

ಆದರೂ ಅವರು ಯಾವ ಪಾತ್ರವನ್ನೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಪ್ರತಿ ವೇಷದ ಕಿಸೆಯಲ್ಲೂ ಒಂದು ಚೀಟಿ ಇಟ್ಟುಕೊಳ್ಳುತ್ತಿದ್ದರು: ಈ ಮನುಷ್ಯ ಇವತ್ತು ಮನೆಗೆ ಹೋಗುವಾಗ ಏನೇನು ಒಯ್ಯಬೇಕು ಎಂದು. ಅದು ಯಾವ ಕ್ಯಾಮೆರಾಕ್ಕೂ ಕಾಣುವಂಥದ್ದಲ್ಲ. ನಾನು ಮೊದಲ ಸಲ ದ್ವಾರಪಾಲಕನಾದಾಗ ಬೇಲಿಯ ಬಳಿ ನಿಂತು ಗೊಣಗಿದ್ದಕ್ಕೆ, ಆ ದ್ವಾರಪಾಲಕನ ಮನೆಯಲ್ಲಿ ಏನು ಮುಗಿದಿದೆ ಎಂದಷ್ಟೇ ಕೇಳಿದ್ದರು. ಮುದುಕನಿಗೆ ಅರಳುಮರಳು ಎಂದುಕೊಂಡೇ ಚೀಟಿ ಗೀಚಿದ್ದೆ.

ಆ ಮೊದಲ ನಾಟಕದ ದಿನ ಊರಿನ ಕನ್ನಡಿಗರೆಲ್ಲರ ಎದುರು ಆ ಒಂದೇ ಮಾತು ನನಗೆ ಮರೆತುಹೋಯಿತು. ಗಾಬರಿಯಲ್ಲಿ ಕಿಸೆಗೆ ಕೈ ಹಾಕಿದರೆ ಚೀಟಿ. ಅಯ್ಯೋ, ಇವನಿಗೊಬ್ಬಳು ಮಗಳಿದ್ದಾಳೆ, ಬಳೆ ಅಂಗಡಿ ಮುಚ್ಚುವ ಹೊತ್ತಾಯಿತು ಅನ್ನಿಸಿತು. ಮನೆಗೆ ಹೊರಡುವ ಅವಸರದಲ್ಲಿರುವವನ ದನಿಯಲ್ಲಿ ಮಾತು ತಾನಾಗಿ ಬಂತು. ಸಭೆ ನಕ್ಕಿತು, ಆದರೆ ಪ್ರೀತಿಯಿಂದ. ಕನ್ನಡದ ಗಂಧವೇ ಇಲ್ಲದ ಸ್ಟೆಲಿಯೊಸ್ ನಾಟಕ ಮುಗಿದದ್ದೇ ಮುಂದಿನ ಸಾಲಿನಿಂದ ಎದ್ದು ಪರದೆಯ ಹಿಂದೆ ನನ್ನ ಬಳಿ ಬಂದರು.

“ಅಂಗಡಿ ಮುಚ್ಚುವುದರೊಳಗೆ ತಲುಪಿದೆಯಾ?” ಎಂದು ಕೇಳಿದರು.

ತಲುಪಿದೆ ಎಂದೆ. ಆಸ್ಪತ್ರೆಯಲ್ಲಿ ಯಾರು ಹೊಗಳಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಈಗ ಅವರು ಹೇಸ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಚೀಟಿ ಕೈಯಲ್ಲಿ ಹಿಡಿದೇ ಫೋನ್ ಮಾಡಿದೆ. ಎಂಬತ್ತೆರಡರ ವಯಸ್ಸಿನಲ್ಲಿ ಮತ್ತೆ ಸಿನಿಮಾಕ್ಕೆ ಕರೆ ಬಂದಿದೆಯಂತೆ. ಪಾರ್ಕಿನ ಬೆಂಚಿನ ಮೇಲೆ ಕೂತಿರುವ ಮುದುಕ, ಒಂದು ಮಾತೂ ಇಲ್ಲ. ಈ ಸಲ ಚೀಟಿ ಎರಡು ಮಗ್ಗುಲಿಗೂ ತುಂಬಿದೆ, ಈ ಮುದುಕನಿಗೆ ಮೊಮ್ಮಕ್ಕಳು ಜಾಸ್ತಿ ಎಂದು ಹಿಗ್ಗಿನಿಂದ ಹೇಳಿದರು. ನನಗೆ ನಾಚಿಕೆಯಾಯಿತು.

ಅಂಗಿಯನ್ನು ಮತ್ತೆ ಹ್ಯಾಂಗರಿಗೆ ಹಾಕಿ, ಹೊಸ ಚೀಟಿ ಬರೆಯಲು ಕೂತೆ. ಧಾರವಾಡದವಳಾದ ನನ್ನ ಹೆಂಡತಿ ಹಿಂದಿನಿಂದ ಇಣುಕಿ ನೋಡಿದಳು.

“ಮನ್ಯಾಗ ಇಂಗೂ ಮುಗದೈತಿ. ಅದನ್ನೂ ಬರಕೋರಿ” ಎಂದಳು.

ಯಾರ ಮನೆಯಲ್ಲಿ ಎಂದು ನಾನು ಕೇಳಲಿಲ್ಲ. ಬರೆದುಕೊಂಡೆ.