ಯುರೋಪಾ ಗೋಡೆ ಮುಟ್ಟದ ಸಂಜೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಥಣಿ, ಕಾಗವಾಡ ಭಾಗದ ಸುದ್ದಿಯನ್ನು ಒಂದು ಪತ್ರಿಕೆಗೆ ಬರೆಯುತ್ತಿದ್ದೆ. ಶೇಡಬಾಳದ ಕಡೆಯ ಒಂದು ಶಾಲೆಯ ವಿಜ್ಞಾನ ಶಿಕ್ಷಕಿ ಮಿರಜಿನಿಂದ ಒಬ್ಬ ಪ್ರಾಧ್ಯಾಪಕರನ್ನು ಕರೆಸಿದ್ದರು. ಗುರುಗ್ರಹವನ್ನು ಸುತ್ತುತ್ತಿದ್ದ ನೌಕೆ ಆಗ ಅದರ ಚಂದ್ರ ಯುರೋಪಾದ ಚಿತ್ರಗಳನ್ನು ಭೂಮಿಗೆ ಕಳಿಸುತ್ತಿತ್ತು. ಮೇಲೆಲ್ಲ ಹಿಮ, ಹಿಮದ ತುಂಬ ಕಂದು ಬಿರುಕು, ಅಡಿಯಲ್ಲಿ ಸಮುದ್ರವಿರಬಹುದೆಂಬ ಊಹೆ. ಆ ಚಿತ್ರಗಳ ಸ್ಲೈಡುಗಳು ಪ್ರಾಧ್ಯಾಪಕರ ಚೀಲದಲ್ಲಿದ್ದವು. ಅವರು ಅಂದೇ ಮರಳಬೇಕಿತ್ತು. ಏಳಕ್ಕೆ ಕರೆಂಟ್ ಹೋಗುವುದು ಊರಿಗೆಲ್ಲ ಗೊತ್ತಿತ್ತು.

ನಮ್ಮ ಕಡೆ ಸತ್ಕಾರವೆಂದರೆ ಶಾಲು, ತೆಂಗಿನಕಾಯಿಗೆ ಮುಗಿಯುವುದಿಲ್ಲ. ತಲೆಗೆ ಫೇಟಾ ಬೇಕು. ಅದನ್ನೂ ಸಭೆಯ ಎದುರೇ ಸುತ್ತಿ ಕಟ್ಟಬೇಕು. ವೇದಿಕೆಯ ಮೇಲಿದ್ದ ಗಣ್ಯರಿಗೆಲ್ಲ ಕಟ್ಟಿದರು. ಒಬ್ಬರ ತುರಾಯಿ ಗಿಡ್ಡವಾಯಿತೆಂದು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಕನ್ನಡದಲ್ಲೊಂದು ಭಾಷಣ, ಅದಕ್ಕೆ ಸಮನಾಗಿ ಮರಾಠಿಯಲ್ಲೊಂದು.

ಶಿಕ್ಷಕಿ ಸಭೆಯ ಅಧ್ಯಕ್ಷರ ಕಿವಿಯ ಬಳಿ ಬಗ್ಗಿದರು. "ಸಾಹೇಬ್ರ, ಕರೆಂಟ್ ಹೋಗ್ತೈತ್ರಿ. ಸ್ಲೈಡ್ ಮೊದಲ ತೋರಸೂಣ್ರಿ."

"ಚಂದ್ರ ಏನ್ ಓಡಿ ಹೋಗ್ತಾನೇನ್ರಿ ಬಾಯಾರ? ಮನಿಗೆ ಬಂದ ಪಾವಣ್ಯಾರ ಮಾನ ಮೊದಲ."

ಮೊದಲ ಸ್ಲೈಡನ್ನು ಪ್ರೊಜೆಕ್ಟರಿಗೆ ಹಾಕುವಾಗ ಕರೆಂಟ್ ಹೋಯಿತು. ಗುರುಗ್ರಹದ ಬಳಿಯಿಂದ ಭೂಮಿಗೆ ಬಂದ ಚಿತ್ರ ನಮ್ಮ ಶಾಲೆಯ ಟೇಬಲ್ಲಿನಿಂದ ಎದುರಿನ ಗೋಡೆಗೆ ಹೋಗಲಿಲ್ಲ. ಗಣ್ಯರು ಫೇಟಾ ಸಮೇತ ಎದ್ದು ಹೋದರು. ಪ್ರಾಧ್ಯಾಪಕರು ಬಸ್ಸಿಗೆಂದು ಚೀಲ ಕಟ್ಟುತ್ತಿದ್ದಾಗ ಕತ್ತಲಲ್ಲಿ ಒಬ್ಬ ಹುಡುಗಿ ಕೇಳಿದಳು: "ಸರ್, ಬರ್ಫದ ಕೆಳಗ ಖರೇನ ನೀರ ಐತೇನ್ರಿ?"

"ಇರಬೇಕಂತಾರವ್ವಾ. ಕಣ್ಲೆ ಕಂಡವರ ಯಾರೂ ಇಲ್ಲ."

ಆ ಸಂಜೆ ಅಲ್ಲಿ ನಡೆದ ವಿಜ್ಞಾನ ಅಷ್ಟೇ. ನನ್ನ ವರದಿಯನ್ನು ಆ ಪ್ರಶ್ನೆಯಿಂದಲೇ ಆರಂಭಿಸಿದೆ. ಚಿಕ್ಕೋಡಿಯ ಕಚೇರಿಯಲ್ಲಿ ಸಂಪಾದಕರು ಓದಿ ಹಾಳೆಯನ್ನು ಮೇಜಿನ ಮೇಲೆ ಎಸೆದರು.

"ಸತ್ಕಾರದ ಸುದ್ದಿ ಎಲ್ಲೈತಿ? ಫೋಟೋದಾಗ ಯಾರ್ಯಾರ ಅದಾರ?"

"ಸುದ್ದಿ ಯುರೋಪಾದ್ದ್ರಿ ಸರ್."

"ಯುರೋಪಾದಾಗ ನಮ್ಮ ಪೇಪರ್ ಯಾರ ಓದ್ತಾರೋ ತಮ್ಮಾ?"

ಮರುದಿನ ಫೇಟಾಗಳ ಫೋಟೋ ಬಂತು, ಕೆಳಗೆ ಶಿಕ್ಷಕಿಯೂ ಸೇರಿ ಎಲ್ಲರ ಹೆಸರು ಬಂತು. ಚಂದ್ರನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಶಿಕ್ಷಕಿ ಪತ್ರಿಕೆ ಹಿಡಿದು ನನ್ನನ್ನು ಕೇಳಿದರು: "ನನ್ನ ಹೆಸರ ಯಾಕ ಹಾಕಿದ್ರಿ? ಆ ಜಾಗಾದಾಗ ಹುಡುಗಿ ಕೇಳಿದ್ದ ಹಾಕಬೇಕಿತ್ತ್ರಿ."

ಪ್ರಾಧ್ಯಾಪಕರು ಇನ್ನೊಮ್ಮೆ ಬರಲು ಸಿದ್ಧರಿದ್ದರು. ಶಾಲೆ ಒಪ್ಪಲಿಲ್ಲ. ಕತ್ತಲಾಗಿ ವಂದನಾರ್ಪಣೆ ನಡೆಯಲಿಲ್ಲವೆಂದು ಗಣ್ಯರು ಮುನಿಸಿಕೊಂಡಿದ್ದರಂತೆ.